ಹಿಮದ ಕೆಳಗೊಂದು ಸಂಸಾರ

ಉತ್ತರ ಧ್ರುವ ಪ್ರದೇಶ ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಬಿಳಿ ಕರಡಿ. ಆದರೆ ಅಲ್ಲಿನ ಮರಗಿಡಗಳಿಲ್ಲದ ಬಯಲಿನಲ್ಲಿ ಎಷ್ಟೋ ಪ್ರಾಣಿಪಕ್ಷಿಗಳ ಹೊಟ್ಟೆಪಾಡು ನಿಂತಿರುವುದು ಅಂಗೈಯಲ್ಲಿ ಹಿಡಿಸುವ ಒಂದು ಜೀವಿಯ ಮೇಲೆ. ಅದರ ಹೆಸರು ಲೆಮ್ಮಿಂಗ್. ನಮ್ಮ ಅಡುಗೆಮನೆಯ ಇಲಿಯ ದೂರದ ನೆಂಟ. ಗುಂಡಗಿನ ಮೈ, ಮೋಟು ಬಾಲ, ಕಂಡೂ ಕಾಣದ ಕಿವಿ.

ಸೂರ್ಯನ ಮುಖವೇ ಕಾಣದ ಆ ಚಳಿಗಾಲದಲ್ಲಿ ಲೆಮ್ಮಿಂಗ್ ದೀರ್ಘನಿದ್ರೆ ಮಾಡುವುದಿಲ್ಲ, ಹಕ್ಕಿಗಳಂತೆ ದಕ್ಷಿಣಕ್ಕೆ ಹಾರುವಂತೆಯೂ ಇಲ್ಲ. ಹಿಮವನ್ನೇ ಕಂಬಳಿ ಮಾಡಿಕೊಳ್ಳುತ್ತದೆ. ಹಿಮದ ಪದರದಲ್ಲಿ ಗಾಳಿ ಸಿಕ್ಕಿಕೊಂಡಿರುವುದರಿಂದ ನೆಲದ ಬಿಸಿ ಬೇಗ ಹೊರಹೋಗದು. ಮೇಲೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ ಇದ್ದರೂ ಕೆಳಗೆ ಅಷ್ಟಿರುವುದಿಲ್ಲ. ಅಲ್ಲಿ ಸುರಂಗ ಕೊರೆದು, ಒಣಹುಲ್ಲಿನ ಗೂಡು ಕಟ್ಟಿ, ಹಾವಸೆ, ಹುಲ್ಲುಗಳನ್ನು ಮೆಲ್ಲುತ್ತ ಬದುಕುತ್ತದೆ. ಅಷ್ಟೇ ಅಲ್ಲ, ಮರಿಗಳನ್ನೂ ಹಾಕುತ್ತದೆ. ಬಾಣಂತನಕ್ಕೆ ಎಂಥ ಕಾಲ ನೋಡಿ! ಇವುಗಳಲ್ಲೇ ಒಂದು ಜಾತಿಗೆ ಚಳಿಗಾಲದಲ್ಲಿ ಮೈ ಬೆಳ್ಳಗಾಗಿ, ಹಿಮ ತೋಡಲೆಂದೇ ಉಗುರುಗಳು ದಪ್ಪಗಾಗುತ್ತವೆ.

ಕಂಬಳಿಯಡಿಯೂ ನೆಮ್ಮದಿಯಿಲ್ಲ. ಧ್ರುವದ ನರಿ ಹಿಮದ ಮೇಲೆ ಕಿವಿಗೊಟ್ಟು ನಿಂತು, ಒಳಗಿನ ಸರಸರ ಸದ್ದು ಕೇಳಿದೊಡನೆ ಮೇಲಕ್ಕೆ ಜಿಗಿದು ತಲೆಕೆಳಗಾಗಿ ಧುಮುಕುತ್ತದೆ. ನಮ್ಮ ಮುಂಗುಸಿಯನ್ನು ನೆನಪಿಸುವ ಸ್ಟೋಟ್ ಎಂಬ ತೆಳ್ಳನೆಯ ಪ್ರಾಣಿ ಸುರಂಗಕ್ಕೇ ನುಗ್ಗುತ್ತದೆ. ಲೆಮ್ಮಿಂಗನ್ನು ತಿಂದು, ಅದರ ಗೂಡಿನಲ್ಲೇ ಅದರ ತುಪ್ಪಳ ಹಾಸಿಕೊಂಡು ಮಲಗುತ್ತದೆ!

ಮೂರರಿಂದ ಐದು ವರ್ಷಕ್ಕೊಮ್ಮೆ ಲೆಮ್ಮಿಂಗ್‌ಗಳ ಸಂತತಿ ಉಕ್ಕಿ, ಮತ್ತೆ ಕುಸಿಯುವುದು ವಾಡಿಕೆ. ಉಕ್ಕಿದ ವರ್ಷ ಹಿಮಗೂಬೆ ಹೆಚ್ಚು ಮೊಟ್ಟೆ ಇಡುತ್ತದೆ. ಕುಸಿದ ವರ್ಷ ಗೂಡನ್ನೇ ಕಟ್ಟದಿರಬಹುದು. ಸೈಬೀರಿಯಾದ ತೈಮೀರ್ ಪ್ರದೇಶದಲ್ಲಿ ಮರಿಮಾಡುವ ಬ್ರೆಂಟ್ ಬಾತುಗಳಿಗೂ ಇದರ ಬಿಸಿ ತಟ್ಟುತ್ತದೆ. ಲೆಮ್ಮಿಂಗ್ ಸಿಗದ ನರಿ ಬಾತಿನ ಮೊಟ್ಟೆಗೆ ಕೈಹಾಕುತ್ತದೆ. ಆ ವರ್ಷ ಪಶ್ಚಿಮ ಯೂರೋಪಿನ ಕರಾವಳಿಗೆ ಚಳಿಗಾಲ ಕಳೆಯಲು ಬರುವ ಬಾತುಗಳ ಹಿಂಡಿನಲ್ಲಿ ಮರಿಗಳು ಇಲ್ಲವೆನ್ನುವಷ್ಟು ಕಡಿಮೆ. ಜಾಣ ಬಾತುಗಳು ಹಿಮಗೂಬೆಯ ಗೂಡಿನ ನೆರೆಯಲ್ಲೇ ಮನೆ ಮಾಡುವುದುಂಟು. ಗೂಬೆ ತನ್ನ ಮರಿಗಳಿಗಾಗಿ ನರಿಯನ್ನು ಓಡಿಸುವಾಗ ಇವಕ್ಕೂ ಪುಕ್ಕಟೆ ಕಾವಲು.

ಇಷ್ಟು ಜನರಿಗೆ ಅನ್ನ ಹಾಕುವ ಈ ಜೀವಿಗೆ ಇಂಗ್ಲಿಷಿನಲ್ಲಿ ಮಾತ್ರ ಕೆಟ್ಟ ಹೆಸರು. ಗುಂಪಿನ ಹಿಂದೆ ಕುರುಡಾಗಿ ಓಡುವವರನ್ನು ಲೆಮ್ಮಿಂಗ್ ಎಂದು ಹೀಯಾಳಿಸುತ್ತಾರೆ. ಇವು ಸಾಲಾಗಿ ಕಡಲಿಗೆ ಹಾರಿ ಸಾಯುತ್ತವೆಂಬ ಕಟ್ಟುಕತೆಯೇ ಕಾರಣ. ಡಿಸ್ನಿಯವರ 1958ರ ‘ವೈಟ್ ವೈಲ್ಡರ್‌ನೆಸ್’ ಚಿತ್ರ ಅದನ್ನು ಮನೆಮನೆಗೆ ಮುಟ್ಟಿಸಿತು, ಆಸ್ಕರನ್ನೂ ಪಡೆಯಿತು. ಬೇರೆಡೆಯಿಂದ ತಂದ ಲೆಮ್ಮಿಂಗ್‌ಗಳನ್ನು ಕೆನಡಾದ ಆಲ್ಬರ್ಟಾದಲ್ಲಿ, ಕಡಲೇ ಇಲ್ಲದ ಕಡೆ, ನೀರಿಗೆ ದೂಡಿ ಚಿತ್ರೀಕರಿಸಿದ್ದೆಂದು 1982ರಲ್ಲಿ ಕೆನಡಾದ ದೂರದರ್ಶನ ಕಾರ್ಯಕ್ರಮವೊಂದು ಬಯಲಿಗೆಳೆಯಿತು. ಬೈಗುಳ ಹಾಗೇ ಉಳಿಯಿತು.

ಈಗ ಅವುಗಳ ಕಂಬಳಿಗೇ ಕುತ್ತು ಬಂದಿದೆ. ಭೂಮಿಯ ಉಳಿದ ಭಾಗಗಳಿಗಿಂತ ಉತ್ತರ ಧ್ರುವ ಪ್ರದೇಶ ಹೆಚ್ಚು ವೇಗವಾಗಿ ಬಿಸಿಯಾಗುತ್ತಿದೆ. ಚಳಿಗಾಲದಲ್ಲಿ ಹಿಮದ ಮೇಲೆ ಮಳೆ ಬಿದ್ದರೆ ಅದು ಗಟ್ಟಿ ಮಂಜುಗಡ್ಡೆಯಾಗಿ ಹುಲ್ಲನ್ನೆಲ್ಲ ಬೀಗ ಹಾಕಿದಂತೆ ಮುಚ್ಚಿಬಿಡುತ್ತದೆ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ 2000ದ ಸುಮಾರಿಗೆ ಲೆಮ್ಮಿಂಗ್‌ಗಳ ಏರಿಳಿತ ಕುಸಿದಾಗ ಹಿಮಗೂಬೆಗಳು ಮರಿ ಮಾಡುವುದೇ ಅಪರೂಪವಾಯಿತು. ನರಿಯಾದರೂ ಬಿಳಿ ಕರಡಿಯ ಬೆನ್ನು ಹಿಡಿದು, ಅದು ತಿಂದು ಬಿಟ್ಟ ಸೀಲ್ ಮಾಂಸದಿಂದ ದಿನ ತಳ್ಳಬಲ್ಲದು. ಗೂಡಿನ ತುಂಬ ಮರಿಗಳನ್ನು ಸಾಕಬೇಕಾದ ಹಿಮಗೂಬೆಗೆ ಲೆಮ್ಮಿಂಗೇ ಬೇಕು.