ಸಸ್ಯಜನ್ಯ ಈಸ್ಟ್ರೋಜೆನ್: ಆಹಾರವೆಷ್ಟು, ಔಷಧವೆಷ್ಟು?

ಸೋಯಾ, ಎಳ್ಳು, ಅಗಸೆ, ಶತಾವರಿಗಳ ವ್ಯಾಪಾರಿಗಳು ಹಾಗೂ ತಯಾರಕರು ತಿಳಿದಿರಬೇಕಾದ ಸಂಗತಿಗಳು

ಉಡುಪಿ, ಮಣಿಪಾಲ, ಕಾರ್ಕಳಗಳ ದಿನಸಿ ಅಂಗಡಿಗಳಲ್ಲಿ ಇಂದು ಉದ್ದು, ಹುರುಳಿ, ಎಳ್ಳುಗಳ ಸಾಲಿನಲ್ಲಿಯೇ ಸೋಯಾ ತುಣುಕು, ಸೋಯಾ ಹಿಟ್ಟು, ಅಗಸೆ ಬೀಜ, ಶತಾವರಿ ಚೂರ್ಣಗಳೂ ಸ್ಥಾನ ಪಡೆದಿವೆ. ಇವುಗಳನ್ನು ಕುರಿತು ಗ್ರಾಹಕರು ಕೇಳುವ ಪ್ರಶ್ನೆಗಳು ಮಾತ್ರ ಪರಸ್ಪರ ವಿರುದ್ಧವಾಗಿವೆ. "ಸೋಯಾ ತಿಂದರೆ ಗಂಡಸರಿಗೆ ಹೆಣ್ಣಿನ ಲಕ್ಷಣ ಬರುತ್ತದಂತೆ, ಹೌದೇ?" ಎಂದು ಒಬ್ಬರು ಅಳುಕಿದರೆ, "ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳಿಗೆ ಇದು ರಾಮಬಾಣವಂತೆ, ಹೌದೇ?" ಎಂದು ಇನ್ನೊಬ್ಬರು ಆಸೆಪಡುತ್ತಾರೆ. ಎರಡು ಪ್ರಶ್ನೆಗಳ ಮೂಲವೂ ಒಂದೇ: ಸಸ್ಯಗಳಲ್ಲಿರುವ, ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ ಅನ್ನು ಹೋಲುವ ಸಂಯುಕ್ತಗಳು. ಅಂಗಡಿಯವರ ಉತ್ತರವನ್ನು ನಂಬಿ ಗ್ರಾಹಕರು ಹಣವನ್ನಷ್ಟೇ ಅಲ್ಲ, ಆರೋಗ್ಯವನ್ನೂ ಪಣಕ್ಕಿಡುತ್ತಾರೆ. ಆದಕಾರಣ ಈ ವಿಷಯದಲ್ಲಿ ಸ್ಪಷ್ಟ ತಿಳಿವಳಿಕೆ ನಮ್ಮ ವೃತ್ತಿಗೆ ಅಗತ್ಯವಾಗಿದೆ.

ಏನಿದು ಸಸ್ಯಜನ್ಯ ಈಸ್ಟ್ರೋಜೆನ್?

ನಮ್ಮ ದೇಹದ ಜೀವಕೋಶಗಳಲ್ಲಿ ಈಸ್ಟ್ರೋಜೆನ್ ಬಂದು ಕೂಡಿಕೊಳ್ಳುವ ಗ್ರಾಹಿಗಳಿವೆ. ಹಾರ್ಮೋನು ಕೀಲಿಕೈಯಾದರೆ ಗ್ರಾಹಿ ಬೀಗವಿದ್ದಂತೆ. ಕೆಲವು ಸಸ್ಯ ಸಂಯುಕ್ತಗಳ ಆಕಾರ ಈ ಕೀಲಿಕೈಯನ್ನು ಹೋಲುವುದರಿಂದ ಅವೂ ಬೀಗದೊಳಗೆ ಸೇರಬಲ್ಲವು. ಆದರೆ ಅವುಗಳ ಶಕ್ತಿ ದೇಹದ ಸ್ವಂತ ಹಾರ್ಮೋನಿಗಿಂತ ನೂರಾರು ಪಟ್ಟು ಕಡಿಮೆ. ಇಂತಹ ಗ್ರಾಹಿಗಳಲ್ಲಿ ಎರಡು ಬಗೆ. ಎರಡನೆಯದಾದ ಬೀಟಾ ಗ್ರಾಹಿಯನ್ನು 1996ರಲ್ಲಿ ಗುರುತಿಸಲಾಯಿತು. ಸೋಯಾದ ಸಂಯುಕ್ತಗಳು ಹೆಚ್ಚಾಗಿ ಈ ಬೀಟಾ ಗ್ರಾಹಿಗೇ ಅಂಟಿಕೊಳ್ಳುತ್ತವೆ. ಆದ್ದರಿಂದ ಅವು ಒಂದು ಅಂಗದಲ್ಲಿ ಹಾರ್ಮೋನಿನಂತೆ ವರ್ತಿಸಿ, ಮತ್ತೊಂದರಲ್ಲಿ ಹಾರ್ಮೋನಿನ ದಾರಿಗೆ ಅಡ್ಡವಾಗಿ ನಿಲ್ಲುವುದೂ ಉಂಟು.

ಇವುಗಳಲ್ಲಿ ಮುಖ್ಯವಾಗಿ ಮೂರು ಗುಂಪುಗಳಿವೆ: ಸೋಯಾ ಅವರೆಯಲ್ಲಿ ಹೇರಳವಾಗಿರುವ ಐಸೋಫ್ಲೇವೋನ್‌ಗಳು, ಅಗಸೆ ಮತ್ತು ಎಳ್ಳಿನಲ್ಲಿರುವ ಲಿಗ್ನಾನ್‌ಗಳು, ಮೊಳಕೆ ಕಾಳು ಹಾಗೂ ಕೆಲವು ಮೇವಿನ ಬೆಳೆಗಳಲ್ಲಿರುವ ಕೂಮೆಸ್ಟಾನ್‌ಗಳು.

ಕುರಿ ಮಂದೆ ಕಲಿಸಿದ ಪಾಠ

ಈ ಸಂಯುಕ್ತಗಳು ಲೋಕದ ಗಮನಕ್ಕೆ ಬಂದುದು ವ್ಯಾಪಾರಿ ನಷ್ಟವೊಂದರಿಂದಲೇ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಾರರು ಕ್ಲೋವರ್ ಎಂಬ ಮೇವಿನ ಬೆಳೆಯಲ್ಲಿ ಮಂದೆಗಳನ್ನು ಮೇಯಿಸುತ್ತಿದ್ದರು. ಕ್ರಮೇಣ ಕುರಿಗಳು ಗಬ್ಬವಾಗುವುದೇ ನಿಂತಿತು. 1946ರಲ್ಲಿ ಪ್ರಕಟವಾದ ವರದಿಯು ಇದನ್ನು ಆ ಮೇವಿಗೆ ಸಂಬಂಧಿಸಿದ ರೋಗವೆಂದು ನಿರೂಪಿಸಿತು. ಮೇವಿನಲ್ಲಿದ್ದ ಐಸೋಫ್ಲೇವೋನ್ ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳ ಮೂಲಕ ಈಕ್ವಾಲ್ ಎಂಬ ಹೆಚ್ಚು ಪ್ರಬಲ ವಸ್ತುವಾಗಿ ಮಾರ್ಪಡುತ್ತಿದ್ದುದು ಅನಂತರ ತಿಳಿದುಬಂತು.

ಆ ಕುರಿಗಳು ಹಗಲೆಲ್ಲ ಅದೊಂದನ್ನೇ ಮೇಯುತ್ತಿದ್ದವು ಎಂಬುದನ್ನು ಇಲ್ಲಿ ಮರೆಯಬಾರದು. ಸಸ್ಯಜನ್ಯ ಈಸ್ಟ್ರೋಜೆನ್‌ನ ಪ್ರಭಾವ ಕಟ್ಟುಕತೆಯಲ್ಲ. ಆದರೆ ಅದು ಪ್ರಮಾಣವನ್ನೂ ತಿನ್ನುವವರ ದೇಹಸ್ಥಿತಿಯನ್ನೂ ಅವಲಂಬಿಸಿದೆ. ಮನುಷ್ಯರಲ್ಲಿಯೂ ಈಕ್ವಾಲ್ ತಯಾರಿಸಬಲ್ಲ ಸೂಕ್ಷ್ಮಜೀವಿಗಳು ಎಲ್ಲರ ಕರುಳಿನಲ್ಲಿಯೂ ಇರುವುದಿಲ್ಲ. ಆದುದರಿಂದಲೇ ಒಂದೇ ಆಹಾರ ಇಬ್ಬರಲ್ಲಿ ಎರಡು ರೀತಿಯ ಫಲ ನೀಡಬಹುದು.

ನಮ್ಮ ತಟ್ಟೆಯಲ್ಲಿ ಎಷ್ಟಿದೆ?

ಕರಾವಳಿಯಲ್ಲಿ ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಉಳಿದ ತೇವದಲ್ಲಿ ಉದ್ದು, ಹುರುಳಿ, ಹೆಸರು ಬೆಳೆಯುವುದು ಹಿಂದಿನಿಂದ ಬಂದ ಪದ್ಧತಿ. ಉಡುಪಿ ಹೋಟೆಲಿನ ಇಡ್ಲಿ ದೋಸೆಗಳಿಗೆ ಉದ್ದೇ ಆಧಾರ. ಸೋಯಾಕ್ಕೆ ಹೋಲಿಸಿದರೆ ನಾವು ನಿತ್ಯ ಬಳಸುವ ಬೇಳೆಕಾಳುಗಳಲ್ಲಿ ಐಸೋಫ್ಲೇವೋನ್ ಅತ್ಯಲ್ಪ. ಸೋಯಾ ಅವರೆ ನಮ್ಮ ಕರಾವಳಿಯ ಬೆಳೆಯಲ್ಲ. ರಾಜ್ಯದಲ್ಲಿ ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಅದನ್ನು ಹೆಚ್ಚಾಗಿ ಬೆಳೆಯುತ್ತಾರೆ. ನೂರು ಗ್ರಾಂ ಸೋಯಾ ಹಿಟ್ಟಿನಲ್ಲಿ 150 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಐಸೋಫ್ಲೇವೋನ್ ಇರಬಹುದು. ಒಂದು ಲೋಟ ಸೋಯಾ ಹಾಲಿನಲ್ಲಿ ಸುಮಾರು 20 ಮಿಲಿಗ್ರಾಂ. ತಯಾರಿಕೆಯ ವಿಧಾನವೂ ಮುಖ್ಯವೇ. ಮದ್ಯಸಾರದಿಂದ ತೊಳೆದು ತಯಾರಿಸಿದ ಸೋಯಾ ಪ್ರೋಟೀನಿನಲ್ಲಿ ಐಸೋಫ್ಲೇವೋನ್‌ನ ಬಹುಭಾಗ ಹೊರಟುಹೋಗಿರುತ್ತದೆ. ಆದ್ದರಿಂದ ಸೋಯಾ ಎಂಬ ಹೆಸರೊಂದರಿಂದಲೇ ಒಳಗಿನ ಅಂಶವನ್ನು ಊಹಿಸಲಾಗದು.

ಲಿಗ್ನಾನ್‌ಗಳ ವಿಷಯದಲ್ಲಿ ಅಗಸೆ ಬೀಜಕ್ಕೆ ಅಗ್ರಸ್ಥಾನ. ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿಯಲ್ಲಿ ಅದು ತಲೆಮಾರುಗಳಿಂದ ಬಳಕೆಯಲ್ಲಿದೆ. ಎಳ್ಳುಂಡೆ, ಪಂಚಕಜ್ಜಾಯಗಳ ಎಳ್ಳಿನಲ್ಲಿರುವ ಸೆಸಮಿನ್ ಕೂಡ ಇದೇ ಗುಂಪಿನದು.

ಆರೋಗ್ಯದ ಮೇಲೆ ಪರಿಣಾಮ

ಪುರುಷರ ಭಯವನ್ನು ಮೊದಲು ಪರಿಶೀಲಿಸೋಣ. 2010ರಲ್ಲಿ ಮತ್ತು 2021ರಲ್ಲಿ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಗಳಲ್ಲಿ ಸೋಯಾ ಸೇವನೆಯಿಂದ ಪುರುಷರ ಟೆಸ್ಟೋಸ್ಟೆರಾನ್ ಮಟ್ಟ ಕುಗ್ಗಿದುದು ಕಂಡುಬರಲಿಲ್ಲ. ಈ ಭಯಕ್ಕೆ ಆಧಾರವಾಗಿ ಉಲ್ಲೇಖಿಸಲ್ಪಡುವ ಪ್ರಕರಣ 2008ರಲ್ಲಿ ವರದಿಯಾದುದು. ಅಮೆರಿಕದ 60 ವರ್ಷದ ವ್ಯಕ್ತಿಯೊಬ್ಬರಲ್ಲಿ ಎದೆ ಊದಿಕೊಂಡಿತ್ತು. ಅವರು ದಿನವೊಂದಕ್ಕೆ ಸುಮಾರು 3 ಲೀಟರಿನಷ್ಟು ಸೋಯಾ ಹಾಲು ಕುಡಿಯುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಹಾರ್ಮೋನಿನ ಮಟ್ಟ ಸಹಜಸ್ಥಿತಿಗೆ ಮರಳಿತು. ವಾರಕ್ಕೆ ಒಂದೆರಡು ಬಾರಿ ಪಲಾವಿನಲ್ಲಿ ಸೋಯಾ ತುಣುಕು ಸೇವಿಸುವವರಿಗೆ ಇದು ಅನ್ವಯಿಸದು.

ಮಹಿಳೆಯರ ನಿರೀಕ್ಷೆಯ ವಿಷಯ ಹೀಗಿದೆ. ಋತುಬಂಧದ ಸಮಯದಲ್ಲಿ ಮೈ ಬಿಸಿಯೇರಿ ಬೆವರುವ ತೊಂದರೆ ಐಸೋಫ್ಲೇವೋನ್‌ನಿಂದ ಸ್ವಲ್ಪಮಟ್ಟಿಗೆ ಕಡಿಮೆಯಾಗುವುದೆಂದು 2012 ಮತ್ತು 2016ರ ವಿಶ್ಲೇಷಣೆಗಳು ತೋರಿಸಿವೆ. ಆದರೆ ರಾತ್ರಿ ಬೆವರುವಿಕೆಯಲ್ಲಿ ಗಮನಾರ್ಹ ಪ್ರಯೋಜನ ಕಾಣಲಿಲ್ಲವೆಂದು 2016ರ ವಿಶ್ಲೇಷಣೆ ತಿಳಿಸಿತು. ಸ್ತನ ಕ್ಯಾನ್ಸರಿನಿಂದ ಬದುಕುಳಿದ ಶಾಂಘೈನ 5,042 ಮಹಿಳೆಯರನ್ನು ಗಮನಿಸಿದ 2009ರ ಅಧ್ಯಯನದಲ್ಲಿ, ಸೋಯಾ ಆಹಾರವನ್ನು ಹೆಚ್ಚು ಸೇವಿಸುತ್ತಿದ್ದವರಲ್ಲಿ ರೋಗ ಮರುಕಳಿಸುವ ಪ್ರಮಾಣ ಕಡಿಮೆಯಿತ್ತು. ಇದು ಆಹಾರಕ್ಕೆ ಸಂಬಂಧಿಸಿದ ಮಾತು, ಗುಳಿಗೆಗಲ್ಲ.

ಗುಳಿಗೆಯಾದಾಗ ಲೆಕ್ಕವೇ ಬೇರೆ. ಇಟಲಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಋತುಬಂಧವಾದ ಮಹಿಳೆಯರಿಗೆ 5 ವರ್ಷ ಕಾಲ ದಿನಕ್ಕೆ 150 ಮಿಲಿಗ್ರಾಂ ಐಸೋಫ್ಲೇವೋನ್ ಗುಳಿಗೆ ನೀಡಲಾಯಿತು. ಶೇಕಡಾ 3ಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಗರ್ಭಾಶಯದ ಒಳಪೊರೆ ಅಸಹಜವಾಗಿ ಬೆಳೆದಿತ್ತು. ಹುಸಿ ಗುಳಿಗೆ ಪಡೆದವರಲ್ಲಿ ಯಾರಿಗೂ ಹಾಗಾಗಲಿಲ್ಲ. ಕ್ಯಾನ್ಸರ್ ಯಾರಲ್ಲಿಯೂ ಕಾಣಲಿಲ್ಲವೆಂಬುದು ಸಮಾಧಾನ. ಇಂತಹ ಗುಳಿಗೆಗಳು ಎರಡೂವರೆ ವರ್ಷದವರೆಗೆ ಗರ್ಭಾಶಯಕ್ಕೆ ಹಾನಿ ಮಾಡಿದ್ದು ಕಂಡುಬಂದಿಲ್ಲವೆಂದು 2015ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಭಿಪ್ರಾಯಪಟ್ಟಿತು. ಕಾಳಿನಿಂದ ಸಾರ ತೆಗೆದು ಡಬ್ಬಿಗೆ ತುಂಬಿದ ಕೂಡಲೇ ಪ್ರಮಾಣವೂ ಸೇವಿಸುವ ಅವಧಿಯೂ ಮುಖ್ಯವಾಗುತ್ತವೆ ಎಂಬುದು ಇದರಿಂದ ಸ್ಪಷ್ಟ.

ಥೈರಾಯ್ಡ್ ಮಾತ್ರೆ ಸೇವಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸೋಯಾ ಆ ಮಾತ್ರೆಯ ಹೀರಿಕೆಗೆ ಅಡ್ಡಿಪಡಿಸುವುದರಿಂದ ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಬೇಕು. ಈ ಬಗ್ಗೆ ವೈದ್ಯರನ್ನು ಕೇಳುವುದೇ ಸರಿ.

ಔಷಧೀಯ ಸಸ್ಯಗಳು

1958ರಲ್ಲಿ ಸ್ಥಾಪನೆಯಾದ ಕುತ್ಪಾಡಿಯ ಆಯುರ್ವೇದ ಕಾಲೇಜು ಇರುವ ನಮ್ಮ ಜಿಲ್ಲೆಗೆ ಗಿಡಮೂಲಿಕೆಗಳ ವ್ಯವಹಾರ ಹೊಸದಲ್ಲ. ಹಲವು ಮಕ್ಕಳ ತಾಯಿ ಬೇರು ಎಂದು ಕರೆಯಲ್ಪಡುವ ಶತಾವರಿಗೆ ಆಯುರ್ವೇದದಲ್ಲಿ ಗೌರವದ ಸ್ಥಾನವಿದೆ. ಅದರ ಮುಖ್ಯ ಸಂಯುಕ್ತಗಳು ಸ್ಟೀರಾಯ್ಡ್ ರಚನೆಯ ಸಪೋನಿನ್‌ಗಳು. ಮೆಂತೆಯಲ್ಲಿಯೂ ಡಯೋಸ್‌ಜೆನಿನ್ ಎಂಬ ಇಂತಹ ವಸ್ತುವಿದೆ. ಕಾರ್ಖಾನೆಯಲ್ಲಿ ಡಯೋಸ್‌ಜೆನಿನ್‌ನಿಂದ ಹಾರ್ಮೋನ್ ತಯಾರಿಸಬಹುದಾದರೂ ನಮ್ಮ ದೇಹ ಆ ಕೆಲಸ ಮಾಡಲಾರದು. "ನೈಸರ್ಗಿಕ ಹಾರ್ಮೋನ್" ಎಂದು ಚೀಟಿ ಅಂಟಿಸುವ ಮುನ್ನ ಈ ವ್ಯತ್ಯಾಸವನ್ನು ಅರಿತಿರಬೇಕು.

ತಯಾರಕರ ಹೊಣೆ

ಆಹಾರ ಪರವಾನಗಿಯಡಿ ಮಾರುವ ವಸ್ತು ರೋಗವನ್ನು ಗುಣಪಡಿಸುತ್ತದೆಂದು ಹೇಳಲು 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ಅವಕಾಶ ನೀಡುವುದಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆಯುರ್ವೇದ ಔಷಧವೆಂದು ಮಾರುವವರೂ ಮುಟ್ಟಿನ ದೋಷ ಸರಿಪಡಿಸುವುದಾಗಿ ಜನರಿಗೆ ಜಾಹೀರಾತು ನೀಡುವಂತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ಅದನ್ನು ನಿಷೇಧಿಸುತ್ತದೆ. ಸೋಯಾ ಬೆರೆಸಿದ ಪೊಟ್ಟಣದ ಆಹಾರದ ಮೇಲೆ ಅಲರ್ಜಿಯ ದೃಷ್ಟಿಯಿಂದ "ಸೋಯಾ ಇದೆ" ಎಂದು ನಮೂದಿಸುವುದೂ ಕಡ್ಡಾಯ.

ಹೊಸ ಉತ್ಪನ್ನಕ್ಕೆ ಕೈಹಾಕುವವರು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾದರಿಯನ್ನು ಪರೀಕ್ಷಿಸಿ, ಅದರಲ್ಲಿರುವ ಪ್ರಮಾಣವನ್ನು ತಿಳಿದುಕೊಳ್ಳುವುದು ಲೇಸು. ತಾಂತ್ರಿಕ ಸಲಹೆ ಬೇಕಾದವರಿಗೆ 1950ರಿಂದಲೂ ಕಾರ್ಯನಿರ್ವಹಿಸುತ್ತಿರುವ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ.

ಎಳ್ಳುಂಡೆಯನ್ನು ಎಳ್ಳುಂಡೆಯೆಂದೇ, ಸೋಯಾ ಹಾಲನ್ನು ಪೌಷ್ಟಿಕ ಪಾನೀಯವೆಂದೇ ಮಾರಿದರೆ ಯಾರಿಗೂ ಅಂಜಬೇಕಾಗಿಲ್ಲ. ಅವುಗಳಿಗೆ ಔಷಧದ ವೇಷ ತೊಡಿಸಿದರೆ, ಔಷಧಕ್ಕಿರುವ ಪುರಾವೆ ಮತ್ತು ಜವಾಬ್ದಾರಿಗಳನ್ನೂ ಹೊರಬೇಕಾಗುತ್ತದೆ. ಗ್ರಾಹಕರು ಮುಂದಿನ ಬಾರಿ ಪ್ರಶ್ನೆ ಕೇಳಿದಾಗ ಭಯವನ್ನೂ ಭ್ರಮೆಯನ್ನೂ ಮಾರದೆ, ತಿಳಿದಷ್ಟನ್ನು ತಿಳಿಸಿ, ಉಳಿದುದಕ್ಕೆ ವೈದ್ಯರತ್ತ ಕಳುಹಿಸುವ ಅಂಗಡಿಗೆ ಅದೇ ಗ್ರಾಹಕರು ಮತ್ತೆ ಬರುತ್ತಾರೆ.