20 ಸೆಕೆಂಡಿನ ಕಂಪನ, 2.98 ಕೋಟಿ ನರ್ಸುಗಳ ಪಾಠ

1995ರ ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷ. ಜಪಾನಿನ ಕೋಬೆ ನಗರ ಚಳಿಗೆ ಮುದುಡಿ ಮಲಗಿತ್ತು. ನೆಲ ಜೋರಾಗಿ ನಡುಗಿದ್ದು ಸುಮಾರು 20 ಸೆಕೆಂಡು. ಲೋಟದ ನೀರು ಕುಡಿದು ಕೆಳಗಿಡುವಷ್ಟು ಹೊತ್ತು, ಅಷ್ಟೇ. ಆ ಭೂಕಂಪಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮನೆಗಳು ಪೂರ್ತಿ ಹಾಳಾದವು. ಮೂರು ಲಕ್ಷಕ್ಕೂ ಹೆಚ್ಚು ಜನ ಉಟ್ಟ ಬಟ್ಟೆಯಲ್ಲೇ ಶಾಲೆಗಳಿಗೆ, ಸಭಾಂಗಣಗಳಿಗೆ ಬಂದು ಸೇರಿದರು. ಸತ್ತವರ ಲೆಕ್ಕ ಕೊನೆಗೆ 6,434ಕ್ಕೆ ನಿಂತಿತು.

ಈ 6,434ರ ಹೊಟ್ಟೆಯೊಳಗೆ ಇನ್ನೊಂದು ಲೆಕ್ಕವಿದೆ. ಇವರಲ್ಲಿ 900ಕ್ಕೂ ಹೆಚ್ಚು ಮಂದಿ ತೊಲೆ ಬಿದ್ದು ಸತ್ತವರಲ್ಲ, ಬೆಂಕಿಗೆ ಸಿಕ್ಕವರೂ ಅಲ್ಲ. ನೆಲ ಸುಮ್ಮನಾದ ಮೇಲೆ, ಮುಂದಿನ ದಿನಗಳಲ್ಲಿ, ವಾರಗಳಲ್ಲಿ ಹೋದವರು. 2011ರಲ್ಲಿ ಜಪಾನಿಗೆ ಅಪ್ಪಳಿಸಿದ ಸುನಾಮಿಯ ನಂತರ ಹೀಗೆ ಸತ್ತವರು 3,700ಕ್ಕೂ ಹೆಚ್ಚು. 2016ರ ಏಪ್ರಿಲ್‌ನಲ್ಲಿ ಅದೇ ದೇಶದ ಕುಮಾಮೊಟೊ ನಡುಗಿದಾಗಿನ ಲೆಕ್ಕವಂತೂ ಎದೆ ಝಲ್ಲೆನಿಸುತ್ತದೆ. ಭೂಕಂಪ ನೇರವಾಗಿ ಕೊಂದದ್ದು 50 ಜನರನ್ನು. ಆಮೇಲಿನ ಪಾಡು ಕೊಂದದ್ದು 200ಕ್ಕೂ ಹೆಚ್ಚು ಜನರನ್ನು. ಒಂದಕ್ಕೆ ನಾಲ್ಕು!

ಇವರೆಲ್ಲ ಸತ್ತದ್ದು ಹೇಗೆ? ನಮ್ಮಲ್ಲಿ ನೆರೆ ಬಂದಾಗ ತೆರೆಯುವ ಕಾಳಜಿ ಕೇಂದ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ನೂರಾರು ಜನ ಒಂದೇ ಹಜಾರದಲ್ಲಿ ಮಲಗಿದ್ದಾರೆ. ಶೌಚಾಲಯ ದೂರ, ಕತ್ತಲೆ, ಉದ್ದನೆಯ ಸಾಲು. ಎಪ್ಪತ್ತೈದರ ಅಜ್ಜಿ ಯಾರಿಗೂ ತೊಂದರೆ ಕೊಡಬಾರದೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾಗಿ ರಕ್ತ ಮಂದವಾಗುತ್ತದೆ. ಎದ್ದು ಓಡಾಡದ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇಕ್ಕಟ್ಟಾದ ಕಾರಿನೊಳಗೆ ರಾತ್ರಿಗಳನ್ನು ಕಳೆದವರಿಗೂ ಇದೇ ಗತಿ. ಇನ್ನೊಬ್ಬರ ಹಲ್ಲಿನ ಸೆಟ್ಟು ಮನೆಯ ಅವಶೇಷದಡಿ ಉಳಿದಿದೆ. ಬಾಯಿ ತೊಳೆಯಲು ನೀರಿಲ್ಲ. ತೊಳೆಯದ ಬಾಯಿಯ ರೋಗಾಣು ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮತ್ತೊಬ್ಬರಿಗೆ ಬಿಪಿ ಮಾತ್ರೆ ಯಾವುದೆಂದು ನೆನಪಿಲ್ಲ, ಚೀಟಿಯೂ ಇಲ್ಲ.

ಇಲ್ಲಿ ಬೇಕಾದದ್ದು ದೊಡ್ಡ ಯಂತ್ರವಲ್ಲ. ನೀರು ಕುಡಿದಿರಾ ಎಂದು ಕೇಳುವವರು, ಕಾಲು ಆಡಿಸಿ ಎಂದು ಹೇಳುವವರು, ಸಾಲಿನ ಕೊನೆಯಲ್ಲಿ ಮೌನವಾಗಿ ಕೂತವರನ್ನು ಗುರುತಿಸುವವರು ಬೇಕು. ಅದು ನರ್ಸಿನ ಕೆಲಸ. ಕೋಬೆಯ ನರ್ಸುಗಳಿಗೆ ಇದು ಹೆಣಗಳ ಲೆಕ್ಕದಿಂದಲೇ ಅರ್ಥವಾಯಿತು. 1998ರಲ್ಲಿ ಜಪಾನಿನಲ್ಲಿ ವಿಪತ್ತು ಶುಶ್ರೂಷೆಗೆಂದೇ ಒಂದು ಸಂಘ ಹುಟ್ಟಿತು. ಕೋಬೆ ಇರುವ ಹ್ಯೋಗೊ ಪ್ರಾಂತ್ಯದ ನರ್ಸಿಂಗ್ ಕಾಲೇಜಿನಲ್ಲಿದ್ದ ಹಿರೊಕೊ ಮಿನಾಮಿ 2005ರಲ್ಲಿ ಅಂತರರಾಷ್ಟ್ರೀಯ ನರ್ಸುಗಳ ಮಂಡಳಿಯ ಅಧ್ಯಕ್ಷರಾದರು. 2008ರ ಜನವರಿಯಲ್ಲಿ, ಅದೇ ಕೋಬೆಯಲ್ಲಿ, ವಿಶ್ವ ವಿಪತ್ತು ಶುಶ್ರೂಷಾ ಸಂಘ ಆರಂಭವಾಯಿತು. ನಾಲ್ಕೇ ತಿಂಗಳಲ್ಲಿ ಚೀನಾದ ಸಿಚುವಾನ್ ನಡುಗಿತು. ಗಾಯಗೊಂಡವರು 3.7 ಲಕ್ಷ! ಯಾವ ದೇಶದ ಆಸ್ಪತ್ರೆಗಳು ತಾನೇ ಅಷ್ಟು ಜನರಿಗೆ ಸಿದ್ಧವಾಗಿರುತ್ತವೆ?

ಮಿನಾಮಿ ಅಧ್ಯಕ್ಷರಾದ ಆ ಅಂತರರಾಷ್ಟ್ರೀಯ ಮಂಡಳಿ ಹುಟ್ಟಿದ್ದು 1899ರಲ್ಲಿ. ವಿಪತ್ತಿನಲ್ಲಿ ನರ್ಸಿಗೆ ಏನೇನು ಗೊತ್ತಿರಬೇಕು ಎಂಬ ಚೌಕಟ್ಟನ್ನು ಅದು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಹೊರತಂದದ್ದು 2009ರಲ್ಲಿ. 110 ವರ್ಷ ಬೇಕಾಯಿತು. ಆಮೇಲೆ ಕೆಲಸ ಚುರುಕಾಯಿತು. 2013ರಲ್ಲಿ ಸಿಚುವಾನ್ ವಿಶ್ವವಿದ್ಯಾಲಯ ಮತ್ತು ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಕೂಡಿ ಕಟ್ಟಿದ ವಿಪತ್ತು ನಿರ್ವಹಣಾ ಸಂಸ್ಥೆ ತೆರೆಯಿತು. 2014ರಲ್ಲಿ ಜಪಾನಿನ ಐದು ವಿಶ್ವವಿದ್ಯಾಲಯಗಳು ಒಂದಾಗಿ ವಿಪತ್ತು ಶುಶ್ರೂಷೆಯಲ್ಲಿ ಐದು ವರ್ಷದ ಡಾಕ್ಟರೇಟ್ ಓದನ್ನೇ ಆರಂಭಿಸಿದವು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಂಡಳಿಯ 2019ರ ಪರಿಷ್ಕೃತ ಚೌಕಟ್ಟು. ಅದರ ಮೊದಲ ಹಂತ ತಜ್ಞರಿಗಲ್ಲ, ನರ್ಸಿಂಗ್ ಓದಿ ಮುಗಿಸಿದ ಪ್ರತಿಯೊಬ್ಬರಿಗೂ. ಆ ‘ಪ್ರತಿಯೊಬ್ಬರು’ ಎಷ್ಟು ಜನ ಗೊತ್ತೇ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸುಗಳು. 2011ರ ಜನಗಣತಿಯಂತೆ ಕರ್ನಾಟಕದಲ್ಲಿದ್ದವರು 6.11 ಕೋಟಿ. ಅಂದರೆ ಹೆಚ್ಚುಕಡಿಮೆ ಅರ್ಧ ಕರ್ನಾಟಕದಷ್ಟು ಜನರಿಗೆ ಒಂದೇ ಪಾಠ ತಲುಪಬೇಕು. ಅಷ್ಟಾದರೂ ಇನ್ನೂ 58 ಲಕ್ಷ ನರ್ಸುಗಳ ಕೊರತೆ.

ಆ ಕೊರತೆ ತುಂಬುವವರೆಗೆ ಮಳೆ ಕಾಯುವುದಿಲ್ಲ. ಮುಂದಿನ ಸಲ ನಿಮ್ಮೂರಿನಲ್ಲಿ ಕಾಳಜಿ ಕೇಂದ್ರ ತೆರೆದಾಗ ಅಕ್ಕಿ, ಕಂಬಳಿ ಕೊಟ್ಟು ಹಿಂತಿರುಗಬೇಡಿ. ಮೂಲೆಯಲ್ಲಿ ಕೂತ ಅಜ್ಜ ಅಜ್ಜಿಯರ ಹತ್ತಿರ ಹೋಗಿ, ಬೆಳಗಿನಿಂದ ಎಷ್ಟು ಲೋಟ ನೀರು ಕುಡಿದಿರಿ ಎಂದು ಕೇಳಿ. ಕೈ ಹಿಡಿದು ಶೌಚಾಲಯದವರೆಗೆ ನಡೆಸಿಕೊಂಡು ಹೋಗಿ.