ಸುದ್ದಿಮನೆಯಿಂದ ಆಡಳಿತ ಪೀಠಕ್ಕೆ: ಮಾರ್ಕ್ ಥಾಂಪ್ಸನ್ ಅವರ ವೃತ್ತಿಜೀವನ ಕಲಿಸುವ ಲೆಕ್ಕ

ಲಾಭ-ನಷ್ಟದ ತಖ್ತೆಯ ಕೊನೆಯ ಸಾಲನ್ನು ಎಲ್ಲರೂ ನೋಡುತ್ತಾರೆ. ಆ ಆದಾಯವು ಯಾರ ಕೈಯಿಂದ ಬರುತ್ತಿದೆ, ನಾಳೆಯೂ ಅದೇ ಕೈಯಿಂದ ಬರುವುದೇ ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆಯ ಮಹತ್ವವನ್ನು ಅರಿಯಲು ಪತ್ರಕರ್ತರಾಗಿದ್ದು ಸುದ್ದಿಸಂಸ್ಥೆಯ ಮುಖ್ಯಾಧಿಕಾರಿಯಾದ ಮಾರ್ಕ್ ಥಾಂಪ್ಸನ್ ಅವರ ವೃತ್ತಿಜೀವನ ಉಪಯುಕ್ತವಾದ ಉದಾಹರಣೆಯಾಗಿದೆ.

1957ರಲ್ಲಿ ಲಂಡನ್ನಿನಲ್ಲಿ ಜನಿಸಿದ ಥಾಂಪ್ಸನ್, ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗ ಮಾಡಿ 1979ರಲ್ಲಿ ಬಿಬಿಸಿಗೆ ತರಬೇತಿ ನಿರ್ಮಾಪಕರಾಗಿ ಸೇರಿದರು. 1988ರಲ್ಲಿ ರಾತ್ರಿ ಒಂಬತ್ತರ ವಾರ್ತೆಯ ಸಂಪಾದಕರಾದರು. 2002ರಲ್ಲಿ ಚಾನೆಲ್ 4ರ ಮುಖ್ಯ ಕಾರ್ಯನಿರ್ವಾಹಕರಾಗಿ, 2004ರಲ್ಲಿ ಬಿಬಿಸಿಯ ಮಹಾನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು. ಅಂತರ್ಜಾಲದಲ್ಲಿ ಕಾರ್ಯಕ್ರಮ ವೀಕ್ಷಿಸುವ ಐಪ್ಲೇಯರ್ 2007ರಲ್ಲಿ ಆರಂಭವಾದದ್ದು ಅವರ ಅವಧಿಯಲ್ಲಿಯೇ. ಅದೇ ಅವಧಿಯಲ್ಲಿ ಕೈಗೊಂಡ ಮತ್ತೊಂದು ಡಿಜಿಟಲ್ ಯೋಜನೆ ವಿಫಲವಾಗಿ, 2013ರಲ್ಲಿ ಸುಮಾರು 10 ಕೋಟಿ ಪೌಂಡ್ ವ್ಯರ್ಥವಾಯಿತೆಂಬುದನ್ನೂ ಮರೆಯಬಾರದು.

2012ರ ನವೆಂಬರ್‌ನಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್ ಕಂಪನಿಯ ಮುಖ್ಯ ಕಾರ್ಯನಿರ್ವಾಹಕರಾದರು. ಆ ಸಂಸ್ಥೆ ಆಗಷ್ಟೇ ದೊಡ್ಡ ಗಂಡಾಂತರದಿಂದ ಪಾರಾಗಿತ್ತು. ಜಾಹೀರಾತು ಆದಾಯ ಕುಸಿದಿದ್ದ 2009ರಲ್ಲಿ ಅದು ಮೆಕ್ಸಿಕೋದ ಉದ್ಯಮಿ ಕಾರ್ಲೋಸ್ ಸ್ಲಿಮ್ ಅವರಿಂದ 25 ಕೋಟಿ ಡಾಲರ್ ಸಾಲವನ್ನು ಶೇ. 14ರ ಬಡ್ಡಿಗೆ ಪಡೆದಿತ್ತು; ತನ್ನ ಕೇಂದ್ರ ಕಟ್ಟಡದ ಭಾಗವನ್ನು 22.5 ಕೋಟಿ ಡಾಲರ್‌ಗೆ ಮಾರಿ, ಅಲ್ಲಿಯೇ ಬಾಡಿಗೆಗೆ ನಿಂತಿತ್ತು. ಸಾಲವನ್ನು 2011ರಲ್ಲಿ ತೀರಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಜಾಲತಾಣದ ಓದಿಗೆ ಶುಲ್ಕ ವಿಧಿಸಿತು. ಆದ್ದರಿಂದ ಶುಲ್ಕದ ನಿರ್ಧಾರದ ಕೀರ್ತಿ ಥಾಂಪ್ಸನ್ ಅವರಿಗಿಂತ ಹಿಂದಿನವರಿಗೆ ಸಲ್ಲಬೇಕು. ಆ ನಿರ್ಧಾರವನ್ನೇ ಸಂಸ್ಥೆಯ ಬೆನ್ನೆಲುಬಾಗಿಸಿದ್ದು ಇವರ ಸಾಧನೆ.

ವಿಧಾನ ಸರಳವಾಗಿತ್ತು. ತಿಂಗಳಿಗೆ 20 ಲೇಖನಗಳು ಮೊದಲು ಉಚಿತವಾಗಿದ್ದವು. 2012ರಲ್ಲಿ ಅದು 10ಕ್ಕೆ, 2017ರಲ್ಲಿ 5ಕ್ಕೆ ಇಳಿಯಿತು. ಮಾದರಿಯನ್ನು ತೋರಿಸಿ ಸರಕನ್ನು ಮಾರುವ ಈ ಪದ್ಧತಿ ನಮ್ಮ ವರ್ತಕರಿಗೆ ಹೊಸದಲ್ಲ. 1993ರಲ್ಲಿ ಸುಮಾರು 110 ಕೋಟಿ ಡಾಲರ್‌ಗೆ ಕೊಂಡಿದ್ದ ಬಾಸ್ಟನ್ ಗ್ಲೋಬ್ ಪತ್ರಿಕೆಯನ್ನು 2013ರಲ್ಲಿ ಕೇವಲ 7 ಕೋಟಿ ಡಾಲರ್‌ಗೆ ಮಾರಲಾಯಿತು. ಕೊಂಡ ಬೆಲೆಗೆ ಅಂಟಿಕೊಂಡು ಕುಳಿತಿದ್ದರೆ ಆ ಮೊತ್ತವೂ, ಆಡಳಿತದ ಗಮನವೂ ಅಲ್ಲಿಯೇ ಸಿಲುಕಿರುತ್ತಿತ್ತು. 2017ರಲ್ಲಿ ಪ್ರತಿ ತಿದ್ದುವವರ ಸಂಖ್ಯೆಯನ್ನು ಕಡಿತಗೊಳಿಸಿದ್ದು ಸಿಬ್ಬಂದಿಯ ಪ್ರತಿಭಟನೆಗೆ ಕಾರಣವಾಯಿತು. ಆದರೂ ಓದುಗನು ಹಣ ಕೊಟ್ಟು ಕೊಳ್ಳುವ ವರದಿಗಾರಿಕೆಯ ಮೇಲಿನ ವೆಚ್ಚವನ್ನು ಸಂಸ್ಥೆ ಕೈಬಿಡಲಿಲ್ಲ.

ಡಿಜಿಟಲ್ ಆದಾಯವನ್ನು 2020ರೊಳಗೆ 80 ಕೋಟಿ ಡಾಲರ್‌ಗೆ ಏರಿಸುವ ಗುರಿಯನ್ನು 2015ರಲ್ಲಿ ಪ್ರಕಟಿಸಲಾಯಿತು. ಅದು ಒಂದು ವರ್ಷ ಮೊದಲೇ ಈಡೇರಿತು. ಮಾರಿದ್ದ ಕಟ್ಟಡದ ಭಾಗವನ್ನು 2019ರಲ್ಲಿ 24.5 ಕೋಟಿ ಡಾಲರ್‌ಗೆ ಮರಳಿ ಕೊಳ್ಳಲಾಯಿತು. 2020ರ ಎರಡನೆಯ ತ್ರೈಮಾಸಿಕದಲ್ಲಿ ಡಿಜಿಟಲ್ ಆದಾಯ ಮೊದಲ ಬಾರಿಗೆ ಮುದ್ರಣದ ಆದಾಯವನ್ನು ಮೀರಿತು. ಪದಬಂಧ, ಅಡುಗೆ ವಿಭಾಗಗಳ ಚಂದಾದಾರರೂ ಸೇರಿ ಒಟ್ಟು ಚಂದಾಗಳು 65 ಲಕ್ಷ ಮುಟ್ಟಿದ್ದವು. ಆ ವರ್ಷವೇ ಥಾಂಪ್ಸನ್ ಅಧಿಕಾರವನ್ನು ಮೆರೆಡಿತ್ ಕೋಪಿಟ್ ಲೆವಿಯನ್ ಅವರಿಗೆ ಒಪ್ಪಿಸಿದರು. 2023ರಲ್ಲಿ ಸಿಎನ್‌ಎನ್ ಮುಖ್ಯಸ್ಥರಾದರು. ಮರುವರ್ಷ ಅಲ್ಲಿಯೂ ಜಾಲತಾಣದ ಓದಿಗೆ ಶುಲ್ಕ ಬಂದಿತು.

ಸಣ್ಣ ಉದ್ದಿಮೆದಾರರಿಗೆ ಇದರಲ್ಲಿ ಏನಿದೆ? ಪತ್ರಿಕೆಗೆ ಜಾಹೀರಾತುದಾರನಿದ್ದಂತೆ, ನಮ್ಮ ಅನೇಕ ಘಟಕಗಳಿಗೆ ಒಬ್ಬನೇ ದೊಡ್ಡ ಖರೀದಿದಾರನಿದ್ದಾನೆ. ಅವನು ಬೆನ್ನು ತಿರುಗಿಸಿದ ದಿನ ಯಂತ್ರಗಳು ನಿಲ್ಲುತ್ತವೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಮೂರು ಪಟ್ಟಿಗಳನ್ನು ಸಿದ್ಧಪಡಿಸುವುದು ಒಳಿತು: ಗ್ರಾಹಕವಾರು ಮಾರಾಟ ಮತ್ತು ಬಾಕಿ, ಪ್ರತಿ ಸಾಲದ ನಿಜವಾದ ಬಡ್ಡಿದರ, ದುಡಿಯದೆ ಬಿದ್ದಿರುವ ಆಸ್ತಿಗಳು. ಮೊದಲ ಪಟ್ಟಿಯಲ್ಲಿ ಒಂದೇ ಹೆಸರು ಅರ್ಧಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿದ್ದರೆ, ಬೇರೆ ಗ್ರಾಹಕರನ್ನು ಹುಡುಕುವ ಕೆಲಸವನ್ನು ಅಂದೇ ಆರಂಭಿಸತಕ್ಕದ್ದು. ನೀರು ಬತ್ತಿದ ಮೇಲೆ ಬಾವಿ ತೋಡಹೊರಟರೆ, ಶೇ. 14ರ ಬಡ್ಡಿಗೆ ಸಾಲ ಕೊಡುವವನೂ ಎಲ್ಲರಿಗೂ ಸಿಗಲಾರ.